ಕಸ ಸುಟ್ಟರೆ ಮುಗಿಯಿತೇ?

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಸ್ನಾನದ ನೀರು ಕಾಯುವುದು ಬಚ್ಚಲುಮನೆಯ ಒಲೆಯಲ್ಲೇ. ಅಡುಗೆಗೆ ಗ್ಯಾಸ್ ಬಂತು, ಕೆಲವರಲ್ಲಿ ಗೀಸರೂ ಬಂತು. ಆದರೆ ಹಂಡೆ ಮಾತ್ರ ಒಲೆಯಿಂದ ಇಳಿದಿಲ್ಲ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿರುತ್ತದೆ, ಬೆಂಕಿ ಬೇಗ ಹಿಡಿಯುವುದಿಲ್ಲ. ಆಗ ಕೈಗೆ ಸಿಗುವುದು ಪ್ಲಾಸ್ಟಿಕ್ ಕವರ್. ಒಂದು ಕವರಿಗೆ ಬೆಂಕಿ ತಾಗಿಸಿ ಸೌದೆಯ ಅಡಿಗೆ ತಳ್ಳಿದರೆ ಎರಡೇ ನಿಮಿಷದಲ್ಲಿ ಒಲೆ ಉರಿಯುತ್ತದೆ. ಕಸವೂ ಖಾಲಿ, ನೀರೂ ಬಿಸಿ.

ನಮ್ಮ ಉಮ್ಮನೂ ಹಾಗೆಯೇ ಮಾಡುತ್ತಿದ್ದರು. "ಉಮ್ಮಾ, ಅದನ್ನು ಒಲೆಗೆ ಹಾಕಬೇಡಿ, ಆ ಹೊಗೆ ಒಳ್ಳೆಯದಲ್ಲ" ಎಂದು ನಾನು ಹೇಳಿದಾಗ ಅವರು ಕೇಳಿದ ಪ್ರಶ್ನೆ ಹೀಗಿತ್ತು: "ಸರಕಾರದವರೇ ಯಂತ್ರ ಇಟ್ಟು ಟನ್‌ಗಟ್ಟಲೆ ಕಸ ಸುಡುತ್ತಾರಂತೆ. ಆಸ್ಪತ್ರೆಯ ಕಸವನ್ನೂ ಸುಡುತ್ತಾರಂತೆ. ಅದು ಸರಿ, ನಾನು ಎರಡು ಕವರ್ ಹಾಕಿದರೆ ತಪ್ಪಾ ಮಗಾ?"

ನ್ಯಾಯವಾದ ಪ್ರಶ್ನೆ. ಆಗ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಬೆಂಕಿ ಎರಡೂ ಕಡೆ ಬೆಂಕಿಯೇ. ಹಾಗಾದರೆ ಯಂತ್ರದಲ್ಲಿ ಸುಡುವುದಕ್ಕೂ ಒಲೆಯಲ್ಲಿ ಸುಡುವುದಕ್ಕೂ ಏನು ವ್ಯತ್ಯಾಸ? ಈ ಪಾಠ ಆ ಪ್ರಶ್ನೆಗೆ ಉತ್ತರ.

ಒಂದು ಚಮಚದ ಪ್ರಯೋಗ

ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಇದನ್ನು ಮಾಡಿ ನೋಡಿ. ಒಂದು ಮೇಣದಬತ್ತಿ ಹಚ್ಚಿ. ಸ್ಟೀಲ್ ಚಮಚದ ಹಿಡಿಗೆ ಬಟ್ಟೆ ಸುತ್ತಿಕೊಂಡು, ಅದರ ಬೆನ್ನನ್ನು ಜ್ವಾಲೆಯ ನಡುವೆ ಹಳದಿ ಭಾಗದಲ್ಲಿ ಹಿಡಿಯಿರಿ. ಕೆಲವೇ ಸೆಕೆಂಡುಗಳಲ್ಲಿ ಚಮಚಕ್ಕೆ ಕಪ್ಪು ಮಸಿ ಮೆತ್ತಿಕೊಳ್ಳುತ್ತದೆ. ಇನ್ನೊಂದು ಚಮಚವನ್ನು ಜ್ವಾಲೆಯ ತುದಿಗಿಂತ ಎರಡು ಬೆರಳು ಮೇಲಕ್ಕೆ ಹಿಡಿಯಿರಿ. ಬಿಸಿಯಾಗುತ್ತದೆ, ಆದರೆ ಮಸಿ ಅಷ್ಟಾಗಿ ಹಿಡಿಯುವುದಿಲ್ಲ.

ಮೇಣ ಅದೇ, ಬತ್ತಿ ಅದೇ. ಮೊದಲ ಸಲ ತಣ್ಣಗಿನ ಚಮಚ ಜ್ವಾಲೆಯ ನಡುವೆ ಬಂದು ಅದನ್ನು ತಣಿಸಿತು. ಉರಿದು ಮುಗಿಯಬೇಕಿದ್ದ ಇಂಗಾಲದ ಕಣಗಳು ಅರ್ಧದಲ್ಲೇ ನಿಂತು ಮಸಿಯಾದವು. ಎರಡನೆಯ ಸಲ ಅವುಗಳಿಗೆ ಸಾಕಷ್ಟು ಬಿಸಿ, ಗಾಳಿ ಮತ್ತು ಸಮಯ ಮೂರೂ ಸಿಕ್ಕಿದವು. ಅವು ಪೂರ್ತಿ ಉರಿದು, ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಆಗಿ ಹೋದವು.

ಕಸ ಸುಡುವ ಯಂತ್ರವನ್ನು ಕಟ್ಟುವ ಎಂಜಿನಿಯರುಗಳ ಮೊದಲ ಪಾಠವೂ ಇದೇ. ಬಿಸಿ ಸಾಲದಿದ್ದರೆ, ಹೊಗೆ ಆ ಬಿಸಿಯಲ್ಲಿ ಸಾಕಷ್ಟು ಹೊತ್ತು ನಿಲ್ಲದಿದ್ದರೆ, ಗಾಳಿ ಅದರೊಂದಿಗೆ ಚೆನ್ನಾಗಿ ಬೆರೆಯದಿದ್ದರೆ ಸುಟ್ಟದ್ದು ಸುಟ್ಟಂತೆ ಆಗುವುದಿಲ್ಲ. ಅರ್ಧ ಬೆಂದ ಅನ್ನದ ಹಾಗೆ ಅದು ಅರ್ಧ ಸುಟ್ಟ ಕಸ. ಅನ್ನವಾದರೆ ಮತ್ತೆ ಬೇಯಿಸಬಹುದು. ಹೊಗೆ ಒಮ್ಮೆ ಹೊರಗೆ ಹೋದರೆ ವಾಪಸ್ ತರಲಾಗದು.

ಬಚ್ಚಲೊಲೆಯಲ್ಲಿ ಈ ಮೂರರಲ್ಲಿ ಯಾವುದೂ ಸರಿಯಾಗಿ ಇರುವುದಿಲ್ಲ. ಕೆಂಡದ ನಡುವೆ ಬಿಸಿ ಚೆನ್ನಾಗಿರುತ್ತದೆ, ಒಂದು ಗೇಣು ಆಚೆಗೆ ಇರುವುದಿಲ್ಲ. ಹೊಗೆ ತಣ್ಣೀರಿನ ಹಂಡೆಯ ತಳಕ್ಕೆ ಬಡಿದು ತಣಿಯುತ್ತದೆ. ನಮ್ಮ ಪ್ರಯೋಗದ ಮೊದಲ ಚಮಚ ಅಂದರೆ ಅದೇ ಹಂಡೆ. ಅದರ ತಳದ ಕರಿ ನೋಡಿದರೆ ಬೇರೆ ಸಾಕ್ಷಿ ಬೇಡ.

ಹೊಗೆಯಲ್ಲಿ ಏನಿರುತ್ತದೆ?

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಹಾಲಿನ ತೊಟ್ಟೆ, ಅಂಗಡಿಯ ತೆಳ್ಳಗಿನ ಕವರ್ ಸಾಮಾನ್ಯವಾಗಿ ಪಾಲಿಥೀನ್. ಅದರಲ್ಲಿ ಇರುವುದು ಇಂಗಾಲ ಮತ್ತು ಜಲಜನಕ. ಅದು ಅರೆಬರೆ ಸುಟ್ಟರೆ ಮಸಿ, ಇಂಗಾಲದ ಮಾನಾಕ್ಸೈಡ್, ಬೆಂಜೀನಿನಂಥ ಕೆಟ್ಟ ಅನಿಲಗಳು ಬರುತ್ತವೆ. ಇದೇ ಸಾಕಷ್ಟು ಕೆಟ್ಟದ್ದು.

ಪಿವಿಸಿಯ ಕಥೆ ಇನ್ನೂ ಕೆಟ್ಟದ್ದು. ನೀರಿನ ಪೈಪು, ಕರೆಂಟಿನ ವಯರಿನ ಮೇಲಿನ ಹೊದಿಕೆ, ರೆಕ್ಸಿನ್, ಕೆಲವು ಚಪ್ಪಲಿ, ಮದುವೆಗೂ ಸಮ್ಮೇಳನಕ್ಕೂ ಹಾಕಿಸುವ ಫ್ಲೆಕ್ಸ್ ಬ್ಯಾನರ್, ಇವೆಲ್ಲ ಪಿವಿಸಿ. ಮಾತ್ರೆಯ ಪಟ್ಟಿಯಲ್ಲಿ ಗುಳ್ಳೆ ಗುಳ್ಳೆಯಾಗಿ ಕಾಣುವ ಗಟ್ಟಿ ಪ್ಲಾಸ್ಟಿಕ್ ಕೂಡ ಹೆಚ್ಚಾಗಿ ಅದೇ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ. 57ರಷ್ಟು, ಕ್ಲೋರಿನ್. ಸುಟ್ಟಾಗ ಈ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಹೊರಬರುತ್ತದೆ. ಕಣ್ಣು ಉರಿಯುವುದು, ಗಂಟಲು ಕೆರೆಯುವುದು, ಆಸ್ತಮಾ ಇರುವ ಮಗುವಿಗೆ ಉಸಿರು ಕಟ್ಟುವುದು ಇದರಿಂದಲೂ ಆಗುತ್ತದೆ.

ಕ್ಲೋರಿನ್ ಅಷ್ಟಕ್ಕೇ ನಿಲ್ಲುವುದಿಲ್ಲ. ಅರ್ಧ ಸುಟ್ಟ ಇಂಗಾಲದ ಜೊತೆ ಸೇರಿ ಅದು ಡಯಾಕ್ಸಿನ್ ಮತ್ತು ಫ್ಯೂರಾನ್ ಎಂಬ ವಿಷಗಳನ್ನು ಹುಟ್ಟಿಸುತ್ತದೆ. ಡಯಾಕ್ಸಿನ್ ಎಂಬುದು ಒಂದು ವಸ್ತುವಲ್ಲ, ಒಂದು ದೊಡ್ಡ ಕುಟುಂಬ. ಫ್ಯೂರಾನ್ ಸೇರಿದರೆ ಒಟ್ಟು 210 ಬಗೆ, ಅವುಗಳಲ್ಲಿ ಅತಿ ವಿಷಕಾರಿಯಾದವು 17. ಬೇಕೆಂದು ಇದನ್ನು ಯಾರೂ ತಯಾರಿಸುವುದಿಲ್ಲ, ಯಾರಿಗೂ ಇದರಿಂದ ಪ್ರಯೋಜನವಿಲ್ಲ. ತಪ್ಪಾಗಿ ಸುಟ್ಟಾಗ ಹುಟ್ಟುವ ವಿಷ ಇದು.

ಇಟಲಿಯ ಸೆವೆಸೋ ಎಂಬ ಊರಿನ ಹೆಸರು ಈ ವಿಷದಿಂದಲೇ ಜಗತ್ತಿಗೆ ಗೊತ್ತಾಯಿತು. 1976ರ ಜುಲೈ 10ರಂದು ಪಕ್ಕದ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಬೆರೆತ ಮೋಡ ಊರ ಮೇಲೆ ಇಳಿಯಿತು. ಸಾಕುಪ್ರಾಣಿಗಳು ಸತ್ತವು. ಸುಮಾರು 200 ಮಂದಿಗೆ ಮೈಮೇಲೆ ಕ್ಲೋರಕ್ನೆ ಎಂಬ ಕೆಟ್ಟ ಗುಳ್ಳೆಗಳು ಎದ್ದವು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅದರ ಮರುವರ್ಷ, 1977ರಲ್ಲಿ, ಕೀಸ್ ಓಲಿ ಎಂಬ ಡಚ್ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದೇ ವಿಷವನ್ನು ನೆದರ್ಲೆಂಡಿನ ನಗರದ ಕಸ ಸುಡುವ ಘಟಕಗಳ ಹಾರುಬೂದಿಯಲ್ಲಿ ಕಂಡುಹಿಡಿದರು. ಅಲ್ಲಿಯವರೆಗೆ ಯುರೋಪಿನವರೂ ನಮ್ಮ ಉಮ್ಮನ ಹಾಗೆಯೇ, ಸುಟ್ಟರೆ ಮುಗಿಯಿತು ಎಂದು ತಿಳಿದಿದ್ದರು.

ಈ ಗುಂಪಿನ ಅತ್ಯಂತ ವಿಷಕಾರಿಯಾದ ಒಂದನ್ನು 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ರೋಗನಿರೋಧಕ ಶಕ್ತಿ, ಹಾರ್ಮೋನು, ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆ, ಎಲ್ಲದಕ್ಕೂ ಇದು ಕೆಟ್ಟದ್ದು. ದೇಹದ ಕೊಬ್ಬಿನಲ್ಲಿ ಕೂತರೆ ಬೇಗ ಏಳುವುದಿಲ್ಲ. ಇವತ್ತು ಸೇರಿದ ಪ್ರಮಾಣ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು.

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಓದಿ. ನಾವು ಹೊಗೆ ಎಂದರೆ ಮೂಗನ್ನಷ್ಟೇ ನೆನೆಯುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಮನುಷ್ಯನ ದೇಹಕ್ಕೆ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ಬರುವುದು ಆಹಾರದಿಂದ: ಮಾಂಸ, ಹಾಲು, ಮೀನು. ಹೊಗೆಯ ಕಣ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲನ್ನು ದನ ತಿನ್ನುತ್ತದೆ, ದನದ ಕೊಬ್ಬಿಗೆ ಮತ್ತು ಹಾಲಿಗೆ ಬರುತ್ತದೆ, ಅಲ್ಲಿಂದ ನಮ್ಮ ತಟ್ಟೆಗೆ. ತಾಯಿಯ ಹಾಲಿನಲ್ಲೂ ಇದು ಬರುತ್ತದೆ. ಇದನ್ನು ಓದಿ ಯಾರೂ ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಬೇಡಿ. ಎದೆಹಾಲಿನ ಲಾಭ ಬಹಳ ದೊಡ್ಡದು, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹಾಲು ಕೊಡಿ ಎಂದೇ. ನಿಲ್ಲಿಸಬೇಕಾದದ್ದು ಹಿತ್ತಲಿನ ಬೆಂಕಿಯನ್ನು.

ಯಂತ್ರದ ಒಳಗೆ ಏನು ನಡೆಯುತ್ತದೆ?

ಈಗ ಉಮ್ಮನ ಪ್ರಶ್ನೆಯ ಇನ್ನರ್ಧಕ್ಕೆ ಬರೋಣ. ಉದಾಹರಣೆಗೆ ಆಸ್ಪತ್ರೆಯ ಕಸವನ್ನು ತೆಗೆದುಕೊಳ್ಳಿ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗದ ಭಾಗ, ಅವಧಿ ಮೀರಿದ ಔಷಧ ಇವು ಹಳದಿ ಚೀಲಕ್ಕೆ ಬೀಳುತ್ತವೆ. ಹಲವು ಆಸ್ಪತ್ರೆಗಳಿಗೆ ಸೇರಿ ಇರುವ ಒಂದು ಸಂಸ್ಕರಣಾ ಘಟಕಕ್ಕೆ ಈ ಚೀಲಗಳು ಹೋಗುತ್ತವೆ. ಭಾರತದಲ್ಲಿ ಇದಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ.

ಯಂತ್ರದಲ್ಲಿ ಒಂದಲ್ಲ, ಎರಡು ಕೋಣೆ ಇರುತ್ತದೆ. ಮೊದಲ ಕೋಣೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದ ಬಿಸಿಯಲ್ಲಿ ಕಸ ಉರಿದು ಹೊಗೆಯಾಗುತ್ತದೆ. ನಮ್ಮ ಒಲೆಯ ಕೆಲಸ ಇಲ್ಲಿಗೇ ಮುಗಿಯುತ್ತದೆ, ಯಂತ್ರದ್ದು ಇಲ್ಲಿಂದ ಶುರು. ಆ ಹೊಗೆ ಎರಡನೆಯ ಕೋಣೆಗೆ ಹೋಗುತ್ತದೆ. ಅಲ್ಲಿ ಸುಡುವುದು ಕಸವನ್ನಲ್ಲ, ಹೊಗೆಯನ್ನು. ಬಿಸಿ 1050 ಡಿಗ್ರಿಯ ಆಸುಪಾಸು, 50 ಡಿಗ್ರಿ ಆಚೀಚೆ ಇರಬಹುದು. ಹೊಗೆ ಆ ಬಿಸಿಯಲ್ಲಿ 2 ಸೆಕೆಂಡು ನಿಲ್ಲಬೇಕು. ಎರಡು ಸೆಕೆಂಡು ಅಂದರೆ ಏನು ಮಹಾ ಅನಿಸಬಹುದು. ಭರದಿಂದ ಓಡುವ ಹೊಗೆಯನ್ನು ಅಷ್ಟು ಹೊತ್ತು ಹಿಡಿದಿಡಲು ಕೋಣೆಯನ್ನು ಬಹಳ ದೊಡ್ಡದಾಗಿ ಕಟ್ಟಬೇಕಾಗುತ್ತದೆ. 1998ರ ಹಳೆಯ ನಿಯಮದಲ್ಲಿ ಇದು 1 ಸೆಕೆಂಡು ಇತ್ತು, ಅದು ಸಾಲದೆಂದು 2016ರಲ್ಲಿ ದುಪ್ಪಟ್ಟು ಮಾಡಿದರು.

ಹೊಗೆ ಪೂರ್ತಿ ಉರಿಯಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಇಂಗಾಲದ ಮಾನಾಕ್ಸೈಡ್ ಅಳೆದು. ಅದು ಅರ್ಧ ಉರಿದ ಇಂಗಾಲದ ಗುರುತು. ಚಿಮಣಿಯಲ್ಲಿ ಅಳತೆಯ ಯಂತ್ರ ಇಟ್ಟು, ನೂರು ಪಾಲು ಇಂಗಾಲದಲ್ಲಿ ಕನಿಷ್ಠ 99 ಪಾಲು ಪೂರ್ತಿ ಉರಿದಿರಬೇಕು ಎಂದು ನಿಯಮ ಹೇಳುತ್ತದೆ.

ಇಲ್ಲಿಗೆ ಡಯಾಕ್ಸಿನ್ ಸತ್ತಿತು ಅಂದುಕೊಳ್ಳುತ್ತೇವೆ. 1050 ಡಿಗ್ರಿಯಲ್ಲಿ ಅದು ಸಾಯುವುದೂ ನಿಜ. ಆದರೆ ಅದಕ್ಕೆ ಮತ್ತೆ ಹುಟ್ಟುವ ಗುಣವಿದೆ! ಹೊಗೆ ತಣಿಯುತ್ತಾ 450ರಿಂದ 200 ಡಿಗ್ರಿಗೆ ಇಳಿಯುವ ದಾರಿಯಲ್ಲಿ, ಅದರಲ್ಲಿರುವ ಬೂದಿಯ ಕಣಗಳ ಮೇಲೆ ಉಳಿದ ಇಂಗಾಲವೂ ಕ್ಲೋರಿನ್ನೂ ಮತ್ತೆ ಸೇರಿಕೊಳ್ಳುತ್ತವೆ. ತಾಮ್ರದ ಅಂಶ ಇದ್ದರೆ ಈ ಸೇರುವಿಕೆ ಇನ್ನೂ ಬೇಗ. (ತಾಮ್ರಕ್ಕಾಗಿ ವಯರು ಸುಡುವವರು ಪಿವಿಸಿ, ತಾಮ್ರ, ಕಡಿಮೆ ಬಿಸಿಯ ಬೆಂಕಿ ಮೂರನ್ನೂ ಒಟ್ಟಿಗೆ ತರುತ್ತಾರೆ. ಅದಕ್ಕಿಂತ ಕೆಟ್ಟ ಬೆಂಕಿ ಹುಡುಕಿದರೂ ಸಿಗದು.)

ಇದಕ್ಕೆ ಉಪಾಯ ಕಮ್ಮಾರನದು. ಕೆಂಪಗೆ ಕಾದ ಕಬ್ಬಿಣವನ್ನು ಅವನು ಒಮ್ಮೆಲೇ ನೀರಿಗೆ ಅದ್ದುತ್ತಾನಲ್ಲ, ಹಾಗೆ ಹೊಗೆಯ ಮೇಲೆ ನೀರು ಚಿಮ್ಮಿಸಿ ಕ್ಷಣದಲ್ಲಿ 200 ಡಿಗ್ರಿಗಿಂತ ಕೆಳಗೆ ಇಳಿಸುತ್ತಾರೆ. ಅಪಾಯದ ಆ ದಾರಿಯಲ್ಲಿ ಹೊಗೆ ನಿಲ್ಲುವುದಕ್ಕೇ ಬಿಡುವುದಿಲ್ಲ. ಕಸದಿಂದ ವಿದ್ಯುತ್ ಮಾಡುವ ದೊಡ್ಡ ಘಟಕಗಳಲ್ಲಿ ಇದು ಕಷ್ಟ. ಅಲ್ಲಿ ಹೊಗೆಯ ಬಿಸಿಯಿಂದಲೇ ಬಾಯ್ಲರ್ ನೀರು ಕಾಯಬೇಕು, ಹಾಗಾಗಿ ಹೊಗೆ ನಿಧಾನವಾಗಿ ತಣಿಯುತ್ತದೆ. ಬಾಯ್ಲರಿನ ಕೊಳವೆಗಳಿಗೆ ಹಿಡಿದ ಬೂದಿಯನ್ನು ಆಗಾಗ ಉದುರಿಸಬೇಕು, ಮುಂದಿನ ಶೋಧಕಗಳನ್ನು ಇನ್ನಷ್ಟು ಬಿಗಿಯಾಗಿ ನೋಡಿಕೊಳ್ಳಬೇಕು.

ಸುಣ್ಣ, ಇದ್ದಿಲು ಮತ್ತು ಬಟ್ಟೆ

ತಣಿದ ಹೊಗೆಗೆ ಮುಂದೆ ಮೂರು ಪರೀಕ್ಷೆ. ಇವುಗಳಲ್ಲಿ ಬಳಸುವ ವಸ್ತುಗಳು ನಮಗೆ ಹೊಸವಲ್ಲ.

ಮೊದಲು ಸುಣ್ಣ. ಆಮ್ಲದ ಅನಿಲದೊಳಗೆ ಸುಣ್ಣದ ಪುಡಿಯನ್ನೋ ಸುಣ್ಣದ ತಿಳಿಯನ್ನೋ ತೂರುತ್ತಾರೆ. ಆಮ್ಲವೂ ಸುಣ್ಣವೂ ಸೇರಿ ಉಪ್ಪಿನಂಥ ವಸ್ತುವಾಗಿ ಕೆಳಗೆ ಬೀಳುತ್ತದೆ. ಕೆಲವು ಘಟಕಗಳಲ್ಲಿ ಕಾಸ್ಟಿಕ್ ಸೋಡಾದ ನೀರಿನಿಂದ ಹೊಗೆಯನ್ನು ತೊಳೆಯುವುದೂ ಇದೆ. ಹಾಗೆ ತೊಳೆದ ನೀರು ಕೊಳಕು ನೀರು, ಅದನ್ನು ಶುದ್ಧಿ ಮಾಡದೆ ತೋಡಿಗೆ ಬಿಟ್ಟರೆ ಗಾಳಿಯ ವಿಷ ನೀರಿಗೆ ಹೋಯಿತು ಅಷ್ಟೇ.

ಎರಡನೆಯದು ಇದ್ದಿಲು. ಅಡುಗೆಯ ಇದ್ದಿಲಲ್ಲ, ವಿಶೇಷವಾಗಿ ಹದ ಮಾಡಿ ಕಣ್ಣಿಗೆ ಕಾಣದ ರಂಧ್ರಗಳನ್ನು ತೆರೆಸಿದ ಸಕ್ರಿಯ ಇದ್ದಿಲು. ತೆಂಗಿನ ಗೆರಟೆಯಿಂದಲೂ ಇದನ್ನು ತಯಾರಿಸುತ್ತಾರೆ. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚಾಗುತ್ತದೆ. ಆ ರಂಧ್ರಗಳಲ್ಲಿ ಡಯಾಕ್ಸಿನ್ನೂ ಪಾದರಸದ ಆವಿಯೂ ಸಿಕ್ಕಿಬೀಳುತ್ತವೆ.

ಮೂರನೆಯದು ಬಟ್ಟೆ. ಮನೆಯಲ್ಲಿ ಚಹಾ ಸೋಸುವ ಹಾಗೆ, ಬಿಸಿ ತಡೆಯುವ ಬಟ್ಟೆಯ ಉದ್ದುದ್ದ ಚೀಲಗಳನ್ನು ಸಾಲಾಗಿ ನೇತುಹಾಕಿ ಹೊಗೆಯನ್ನು ಅದರ ಮೂಲಕ ಎಳೆಯುತ್ತಾರೆ. ಬೂದಿ, ಸುಣ್ಣ, ವಿಷ ಹೀರಿದ ಇದ್ದಿಲು ಎಲ್ಲವೂ ಬಟ್ಟೆಯ ಹೊರಮೈಗೆ ಅಂಟಿ ನಿಲ್ಲುತ್ತದೆ. ಆಗಾಗ ಒಳಗಿನಿಂದ ಗಾಳಿ ಊದಿ ಕೊಡವುತ್ತಾರೆ. ಈ ಬಟ್ಟೆ ಬಹಳ ನಾಜೂಕಿನದು. ಹೊಗೆ ಹೆಚ್ಚು ಬಿಸಿಯಿದ್ದರೆ ಸುಡುತ್ತದೆ, ಹೆಚ್ಚು ತಣಿದು ತೇವವಾದರೆ ಕೆಸರು ಕಟ್ಟುತ್ತದೆ. ಒಂದು ಚೀಲ ಹರಿದರೂ ಮೇಲಿನ ಲೆಕ್ಕಾಚಾರವೆಲ್ಲ ಆ ತೂತಿನಿಂದ ಹೊರಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ 30 ಮೀಟರ್ ಎತ್ತರದ ಚಿಮಣಿ. ಹೊರಬರುವ ಒಂದು ಘನ ಮೀಟರ್ ಅನಿಲದಲ್ಲಿ ದೂಳು 50 ಮಿಲಿಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಗ್ರಾಂ, ಪಾದರಸ 0.05 ಮಿಲಿಗ್ರಾಂ ಮೀರಬಾರದು. ಡಯಾಕ್ಸಿನ್ 0.1 ನ್ಯಾನೊಗ್ರಾಂ ಮೀರಬಾರದು. ಅಂದರೆ ಒಂದು ಗ್ರಾಂ ಅನ್ನು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಎರಡು ಕವರ್ ಎಂದು ನಾವು ಹೇಳುವಾಗ ಕಾನೂನು ಯಾವ ಅಳತೆಯಲ್ಲಿ ಯೋಚಿಸುತ್ತಿದೆ ನೋಡಿ.

ಈ ಹೋಲಿಕೆಯನ್ನು ಅಮೆರಿಕದಲ್ಲಿ ಅಳೆದೇ ನೋಡಿದ್ದಾರೆ. ಮನೆಯ ಕಸವನ್ನು ಹಿತ್ತಲಿನ ಡ್ರಮ್ಮಿನಲ್ಲಿ ಸುಟ್ಟರೆ ಎಷ್ಟು ಡಯಾಕ್ಸಿನ್ ಬರುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಕೆಲವೇ ಮನೆಗಳವರು, ಹೆಚ್ಚೆಂದರೆ ಕೆಲವು ಹತ್ತು ಮನೆಗಳವರು, ದಿನಾ ಹೀಗೆ ಸುಟ್ಟರೆ ಸಾಕು, ದಿನಕ್ಕೆ 200 ಟನ್ ಕಸ ಸುಡುವ ಸುಸಜ್ಜಿತ ಘಟಕದಷ್ಟೇ ಡಯಾಕ್ಸಿನ್ ಹೊರಬರುತ್ತದೆ ಎಂದು ಕಂಡುಬಂತು. ಉಮ್ಮನಿಗೆ ಈ ಒಂದು ಮಾತು ತಟ್ಟಿತು. "ಹಾಗಾದರೆ ನಮ್ಮ ಒಂದು ಓಣಿ ಸಾಕಲ್ಲ!" ಅಂದರು.

ಯಂತ್ರವನ್ನು ಪೂರ್ತಿ ನಂಬಬಹುದೇ?

ಇಲ್ಲ. ಯಂತ್ರ ಇದೆ ಎಂದ ಮಾತ್ರಕ್ಕೆ ಹೊಗೆ ಶುದ್ಧ ಎಂದು ಅರ್ಥವಲ್ಲ. ನಡೆಸುವವರು ನಿಯಮದಂತೆ ನಡೆಸಬೇಕು. ಯಂತ್ರ ಬಿಸಿಯಾಗುವ ಮೊದಲೇ ಕಸ ತುಂಬಿದರೆ ಅದು ದೊಡ್ಡ ಬಚ್ಚಲೊಲೆಯೇ ಸರಿ. ಡೀಸೆಲ್ ಉಳಿಸಲೆಂದು ಎರಡನೆಯ ಕೋಣೆಯ ಉರಿ ಕಡಿಮೆ ಮಾಡಿದರೂ ಹಾಗೆಯೇ. ಕರೆಂಟ್ ಹೋದಾಗ ಅನಿಲ ಒಳಗೆ ಸಿಕ್ಕಿ ಅಪಾಯವಾಗದಂತೆ ಒಂದು ತುರ್ತು ಬಾಗಿಲು ತೆರೆದುಕೊಳ್ಳುತ್ತದೆ. ಆಗ ಸುಣ್ಣವಿಲ್ಲ, ಇದ್ದಿಲಿಲ್ಲ, ಬಟ್ಟೆಯಿಲ್ಲ, ಹೊಗೆ ನೇರ ಆಕಾಶಕ್ಕೆ. ಇನ್ನೊಂದು ತೊಡಕೂ ಇದೆ. ದೂಳು, ಆಮ್ಲ, ಮಾನಾಕ್ಸೈಡ್ ಇವುಗಳನ್ನು ಕ್ಷಣ ಕ್ಷಣವೂ ಅಳೆಯಬಹುದು. ಡಯಾಕ್ಸಿನ್ ಹಾಗಲ್ಲ. ಗಂಟೆಗಟ್ಟಲೆ ಅನಿಲ ಎಳೆದು ಮಾದರಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಆಸ್ಪತ್ರೆ ಕಸದ ಘಟಕಗಳಿಗೆ ವರ್ಷಕ್ಕೆ ಒಂದು ಸಲ ಈ ಪರೀಕ್ಷೆ ಎಂದಿದೆ. ಉಳಿದ 364 ದಿನ ಬಿಸಿ ಮತ್ತು ಮಾನಾಕ್ಸೈಡಿನ ಅಂಕಿಗಳೇ ನಮಗಿರುವ ಸಾಕ್ಷಿ. ನಿಮ್ಮೂರ ಬಳಿ ಇಂಥ ಘಟಕ ಇದ್ದರೆ ಎರಡನೆಯ ಕೋಣೆಯ ಬಿಸಿ ಎಷ್ಟಿದೆ, ಕಳೆದ ಡಯಾಕ್ಸಿನ್ ಪರೀಕ್ಷೆ ಯಾವಾಗ ಆಯಿತು, ಚೀಲದಲ್ಲಿ ಬಿದ್ದ ಬೂದಿ ಎಲ್ಲಿಗೆ ಹೋಗುತ್ತದೆ ಎಂದು ಪಂಚಾಯತಿನ ಮೂಲಕ ಕೇಳಿ. ವಾಸನೆ ಬರುತ್ತದೆಯೇ ಇಲ್ಲವೇ ಎಂಬುದು ಸಾಕ್ಷಿಯಲ್ಲ, ಡಯಾಕ್ಸಿನ್‌ಗೆ ವಾಸನೆಯಿಲ್ಲ.

ಸರಿಯಾಗಿ ನಡೆಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ. ಜಾಗ ಕಡಿಮೆ ಇರುವ ಆ ದೇಶದಲ್ಲಿ ಹೆಚ್ಚಿನ ಕಸವನ್ನು ಸುಡುತ್ತಾರೆ. 1990ರ ದಶಕದಲ್ಲಿ ಡಯಾಕ್ಸಿನ್ ವಿಚಾರವಾಗಿ ಅಲ್ಲಿ ಜನ ಎದ್ದುನಿಂತರು. 1999ರಲ್ಲಿ ಅದಕ್ಕೆಂದೇ ಕಾನೂನು ಬಂತು, ಹಳೆಯ ಸಣ್ಣ ಕುಲುಮೆಗಳು ಮುಚ್ಚಿದವು, ಉಳಿದವು ಸುಧಾರಿಸಿದವು. 1997ಕ್ಕೆ ಹೋಲಿಸಿದರೆ 2003ರ ಹೊತ್ತಿಗೆ ದೇಶದ ಒಟ್ಟು ಡಯಾಕ್ಸಿನ್ ಶೇ. 90ಕ್ಕೂ ಹೆಚ್ಚು ಇಳಿಯಿತು.

ನಮ್ಮಲ್ಲಿ ತೊಂದರೆ ಕಸದ ಸ್ವಭಾವದ್ದೇ. ನಮ್ಮ ಕಸದಲ್ಲಿ ಅನ್ನ, ತರಕಾರಿ, ಮೀನಿನ ತ್ಯಾಜ್ಯ, ಮಣ್ಣು ಜಾಸ್ತಿ. ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಕ್ತಿ ಖರ್ಚಾಗುತ್ತದೆ. 1987ರಲ್ಲಿ ದಿಲ್ಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ದಿನಕ್ಕೆ 300 ಟನ್ ಸುಡುವ ಘಟಕ ಕಟ್ಟಿದರು. ನಮ್ಮ ಕಸ ಅದಕ್ಕೆ ಬೇಕಾದಷ್ಟು ಉರಿಯಲಿಲ್ಲ, ಕೆಲವೇ ವಾರಗಳಲ್ಲಿ ಅದು ನಿಂತಿತು. ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ ದಿನಕ್ಕೆ 600 ಟನ್ ಸುಟ್ಟು 11.5 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಘಟಕ ಕಟ್ಟಿದ್ದಾರೆ. ಅದರ ಚಿಮಣಿಯ ಗುಣ ಅರ್ಧದಷ್ಟು ತೀರ್ಮಾನವಾಗುವುದು ಬೆಂಗಳೂರಿನ ಅಡುಗೆಮನೆಗಳಲ್ಲಿ, ಹಸಿ ಕಸ ಒಣ ಕಸ ಬೇರೆ ಮಾಡುವ ಎರಡು ಬುಟ್ಟಿಗಳಲ್ಲಿ.

ಯಾಕೆಂದರೆ ಬೆಂಕಿಗೆ ಒಂದು ಮಿತಿಯಿದೆ. ಸೀಸ, ಪಾದರಸ, ಕ್ಯಾಡ್ಮಿಯಂ ಇವು ಮೂಲಧಾತುಗಳು. 1050 ಅಲ್ಲ, 5000 ಡಿಗ್ರಿಯಲ್ಲಿ ಸುಟ್ಟರೂ ಅವು ಇಲ್ಲವಾಗುವುದಿಲ್ಲ. ಪಾದರಸ 357 ಡಿಗ್ರಿಯಲ್ಲೇ ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಬ್ಯಾಟರಿ, ಟ್ಯೂಬ್‌ಲೈಟ್, ಹಳೆಯ ಜ್ವರ ಅಳೆಯುವ ಕಡ್ಡಿ ಕಸಕ್ಕೆ ಬಿದ್ದರೆ ಚಿಮಣಿಯಿಂದ ಹೋಗದ ಭಾಗ ಬೂದಿಗೆ ಸೇರುತ್ತದೆ. ಹಾಗಾಗಿಯೇ ಬಟ್ಟೆಯ ಚೀಲದಿಂದ ಕೊಡವಿದ ಹಾರುಬೂದಿ ಅಪಾಯಕಾರಿ ತ್ಯಾಜ್ಯ. ಗಾಳಿಯಿಂದ ಹಿಡಿದ ವಿಷವೆಲ್ಲ ಅದರಲ್ಲಿದೆ. ಅದನ್ನು ಹಾಸು ಹಾಕಿದ ಭದ್ರ ಗುಂಡಿಗೇ ಕಳಿಸಬೇಕು, ರಸ್ತೆಯ ಬದಿಗಲ್ಲ.

ಆಸ್ಪತ್ರೆಯ ಕಸದಲ್ಲೂ ಇದೇ ತತ್ವ. ಸಿರಿಂಜು, ಡ್ರಿಪ್ಪಿನ ಕೊಳವೆಯಂಥ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ ಹೋಗುತ್ತದೆ. ಅದನ್ನು ಸುಡುವಂತಿಲ್ಲ. ಹಬೆಯಲ್ಲಿ ಬೇಯಿಸಿ ರೋಗಾಣು ಕೊಂದು, ಚೂರು ಮಾಡಿ, ಮರುಬಳಕೆಗೆ ಕಳಿಸಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಆ ಕಸವನ್ನು ಒಲೆಗೆ ಹಾಕಬೇಡಿ. ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ತುಂಬಿಸಿಟ್ಟು, ಕಸದ ವಾಹನದವರಿಗೆ ಹೇಳಿ ಬೇರೆಯಾಗಿ ಕೊಡಿ.

ಹಾಸ್ಟೆಲುಗಳಲ್ಲೂ ಹೆಣ್ಣುಮಕ್ಕಳ ಶಾಲೆಗಳಲ್ಲೂ ಪ್ಯಾಡ್ ಸುಡುವ ಸಣ್ಣ ಕರೆಂಟಿನ ಪೆಟ್ಟಿಗೆಗಳನ್ನು ಈಗ ದಾನಿಗಳು ಕೊಡಿಸುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಇವುಗಳಲ್ಲಿ ಹಲವಕ್ಕೆ ಎರಡನೆಯ ಕೋಣೆಯಿಲ್ಲ, ಸುಣ್ಣವಿಲ್ಲ, ಬಟ್ಟೆಯಿಲ್ಲ. ಇರುವುದು ಒಂದು ಗಿಡ್ಡ ಕೊಳವೆ, ಅದೂ ಕೆಲವೊಮ್ಮೆ ತರಗತಿಯ ಕಿಟಕಿಯ ಪಕ್ಕ. ಕೊಡಿಸುವ ಮೊದಲು ಸ್ಥಳೀಯ ಸಂಸ್ಥೆ ಈ ಕಸವನ್ನು ಬೇರೆಯಾಗಿ ಒಯ್ಯುತ್ತದೆಯೇ ಎಂದು ವಿಚಾರಿಸಿ. ಒಯ್ಯುವುದಾದರೆ ಪೇಪರಿನಲ್ಲಿ ಸುತ್ತಿ ಗುರುತು ಹಾಕಿ ಕೊಡುವುದೇ ಮೇಲು.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ರಾಶಿಗೆ 25,000 ರೂಪಾಯಿ ದಂಡ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೂಡಿದ್ದ ಮೊಕದ್ದಮೆಯೇ ಮುಂದುವರಿದು ಈ ಆದೇಶಕ್ಕೆ ಬಂತು. ಆದರೂ 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಸುಮಾರು 12 ದಿನ ಆ ಊರು ಹೊಗೆ ಕುಡಿಯಿತು. ನಮ್ಮ ಮಂಗಳೂರಿನ ಪಚ್ಚನಾಡಿಯ ರಾಶಿಯಲ್ಲೂ ಬೆಂಕಿ ಕಾಣಿಸಿಕೊಂಡದ್ದಿದೆ. ಇದೇ ರಾಶಿ 2019ರ ಆಗಸ್ಟ್ ಮಳೆಗೆ ಜಾರಿ ಮಂದಾರದ ಮನೆ ತೋಟಗಳನ್ನು ಮುಚ್ಚಿತ್ತು. ಬೇರೆ ಮಾಡದೆ ಒಟ್ಟಿದ ಕಸದ ಒಳಗೆ ಕೊಳೆತು ಹುಟ್ಟುವ ಮೀಥೇನ್ ಇಂಥ ಬೆಂಕಿಯನ್ನು ಆರಲು ಬಿಡುವುದಿಲ್ಲ.

ಒಲೆಯ ಬೂದಿಯ ವಿಚಾರ

ಕೊನೆಗೆ ನಮ್ಮ ಹಿತ್ತಲಿಗೆ ಬರೋಣ. ಬಚ್ಚಲೊಲೆಯ ಬೂದಿಯನ್ನು ನಾವು ಬಿಸಾಡುವುದಿಲ್ಲ. ಪಾತ್ರೆ ತಿಕ್ಕುತ್ತೇವೆ, ತೊಂಡೆ ಚಪ್ಪರದ ಬುಡಕ್ಕೂ ಹರಿವೆಯ ಸಾಲಿಗೂ ಹಾಕುತ್ತೇವೆ. ಸೌದೆಯ ಬೂದಿಯಾದರೆ ಹಾಕಬಹುದು. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಹಾಕಬಾರದು. ಹೊಗೆಯಲ್ಲಿ ಹೋಗದ ಸೀಸವೂ ಡಯಾಕ್ಸಿನ್ನೂ ಅದರಲ್ಲಿ ಉಳಿದಿರುತ್ತದೆ.

ನಾಟಿ ಕೋಳಿ ಸಾಕುವವರು ಇನ್ನೂ ಜಾಗ್ರತೆ ವಹಿಸಬೇಕು. ಕೋಳಿ ಬೂದಿಯಲ್ಲಿ ಹೊರಳುತ್ತದೆ, ಕೆದಕಿ ಹೆಕ್ಕಿ ತಿನ್ನುತ್ತದೆ. ಡಯಾಕ್ಸಿನ್ ಕೊಬ್ಬಿಗೆ ಸೇರುವ ವಿಷ, ಮೊಟ್ಟೆಯ ಹಳದಿಯಲ್ಲಿ ಕೊಬ್ಬಿದೆ. ಕಸ ಸುಡುವ ಜಾಗಗಳಲ್ಲಿ ಮಣ್ಣಿನ ಮಾಲಿನ್ಯ ತಿಳಿಯಲು ವಿಜ್ಞಾನಿಗಳು ಅಲ್ಲಿ ಅಡ್ಡಾಡುವ ಕೋಳಿಗಳ ಮೊಟ್ಟೆಯನ್ನೇ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಪೇಟೆಯ ಮೊಟ್ಟೆಗಿಂತ ಒಳ್ಳೆಯದೆಂದು ಮೊಮ್ಮಕ್ಕಳಿಗೆ ಎತ್ತಿಡುವ ಮೊಟ್ಟೆ ಅದು.

ಈಗ ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಒಂದು ಹಳೆಯ ಎಣ್ಣೆ ಡಬ್ಬಿ ಇದೆ. ಬೇಸಗೆಯಲ್ಲೇ ಒಣಗಿಸಿದ ತೆಂಗಿನ ಸಿಪ್ಪೆ, ಗೆರಟೆ, ಸೀಳಿದ ಕೊತ್ತಳಿಗೆ ಅದರಲ್ಲಿ ತುಂಬಿರುತ್ತದೆ. ಮಳೆಗಾಲದಲ್ಲಿ ಒಲೆ ಹಿಡಿಸಲು ಅದೇ ಸಾಕು. ಕವರ್, ಮಾತ್ರೆಯ ಪಟ್ಟಿ, ಹಾಲಿನ ತೊಟ್ಟೆ ತೊಳೆದು ಒಣಗಿ ಬೇರೆ ಚೀಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಪಂಚಾಯತಿನ ಗಾಡಿಗೆ. ತೆಂಗಿನ ಬುಡದಲ್ಲಿ ರಾಶಿ ಬಿದ್ದಿದ್ದ ಹಳೆಯ ಬೂದಿಯನ್ನು ಹಾರದಂತೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೋಣಿಗೆ ತುಂಬಿಸಿ ಒಣ ಕಸದವರಿಗೆ ಬೇರೆಯಾಗಿ ಕೊಟ್ಟೆವು. ಆ ಜಾಗಕ್ಕೆ ಕೋಳಿ ಹೋಗದಂತೆ ಉಮ್ಮ ಹಳೆಯ ಮೀನುಬಲೆ ಕಟ್ಟಿಸಿದ್ದಾರೆ.